ಕೋರ್ಟ್ ಅಂದ್ರ ಇನ್ನೊಂದು ಸರ್ಕಾರ ಅಲ್ರೀ

ಮಾನ್ವಿ, ಸಿರವಾರ ಕಡೆ ಕಾಲುವೆ ಕೊನೆಭಾಗಕ್ಕ ನೀರು ಬರ್ಲಿಲ್ಲ ಅಂದ್ರ ಸಾಕು, ಗ್ರೂಪಿನ್ಯಾಗ ಹಳೇ ಮೆಸೇಜ್ ಮತ್ತ ಬರ್ತದ: ಹೈಕೋರ್ಟಿಗೆ ಅರ್ಜಿ ಹಾಕ್ರಿ, ಸರ್ಕಾರದ ತೀರ್ಮಾನ ತೆಗೆದು ಜಡ್ಜ್ ತಮ್ದೇ ಹಾಕ್ತಾರ ಅಂತ. ಕಳಿಸೋರ ಸಂಕಟ ಖರೇನ, ಮಾತು ಮಾತ್ರ ಅರ್ಧ ಖರೆ. ಸಂವಿಧಾನದ 226ನೇ ವಿಧಿ ಪ್ರಕಾರ ಹೈಕೋರ್ಟ್ ರಿಟ್, ಅಂದ್ರ ಸರ್ಕಾರಕ್ಕ ಇದು ಮಾಡು, ಇದು ಬಿಡು ಅನ್ನೋ ಆದೇಶ, ಕೊಡಬಹುದು, ನಮ್ಮ ರಾಯಚೂರಿನವ್ರಿಗೆ ಕಲಬುರಗಿ ಪೀಠ, ಆದ್ರ ಅಲ್ಲಿ ನೋಡೋದು ಸರ್ಕಾರ ಕಾನೂನು ಮೀರ್ಯದೇನು, ಮಾಡ್ಲೇಬೇಕಾದ ಕೆಲ್ಸ ಬಿಟ್ಟದೇನು, ಯಾರದಾದ್ರೂ ಹಕ್ಕಿಗೆ ಧಕ್ಕೆ ಆಗ್ಯದೇನು ಅಂತ. ಯಾವ ಊರಿಗೆ ಮೊದ್ಲು ಕಾಲುವೆ, ರೊಕ್ಕ ಯಾವ ಯೋಜನೆಗೆ ಅನ್ನೋದು ಸಾಮಾನ್ಯವಾಗಿ ಸರ್ಕಾರಕ್ಕ, ಶಾಸನಸಭೆಗೆ ಬಿಟ್ಟದ್ದು. ಇದಕ್ಕಿಂತ ಛಲೋ ಪಾಲಿಸಿ ಇತ್ತು ಅನ್ನೋ ಒಂದೇ ಕಾರಣಕ್ಕ ಕೋರ್ಟ್ ಕೈ ಹಾಕಂಗಿಲ್ಲ. ಹಂಗಂತ ಆದೇಶ ಆದ್ಮ್ಯಾಲ ಸರ್ಕಾರ ಸುಮ್ನ ಕೂಡಂಗಿಲ್ಲ ಮತ್ತ, ಬೇಕಂತ ಪಾಲಿಸ್ಲಿಲ್ಲ ಅಂದ್ರ 215ನೇ ವಿಧಿ ಪ್ರಕಾರ ನ್ಯಾಯಾಂಗ ನಿಂದನೆ ಅಂತ ಹೈಕೋರ್ಟ್ ಶಿಕ್ಷೆ ಕೊಡಬಹುದು.

ನೀವೇ ಚೆಕ್ ಮಾಡ್ಬೇಕಂದ್ರ, ಮೆಸೇಜಿನ್ಯಾಗ ಕೇಸ್ ನಂಬರ್ ಅದೇನು ನೋಡ್ರಿ, ಇದ್ರ ಹೈಕೋರ್ಟ್ ವೆಬ್‌ಸೈಟಿನ್ಯಾಗ ಹಾಕಿ ಆದೇಶದ ಕೊನೇ ಪುಟ ಓದ್ರಿ. ಭಾಳ ಸಲ ಅಲ್ಲಿ 'ಅರ್ಜಿ ಪರಿಗಣಿಸಿ ಇಷ್ಟು ವಾರದಾಗ ತೀರ್ಮಾನಿಸಿ' ಅಂತ ಅಧಿಕಾರಿಗಳಿಗೆ ಹೇಳಿದ್ದಷ್ಟೇ ಇರ್ತದ, ಫಾರ್ವರ್ಡ್ ಆಗೋಷ್ಟೊತ್ತಿಗೆ ಅದೇ 'ನೀರು ಬಿಡಿ' ಆಗಿರ್ತದ.