ವಿಮೆನ್ ಇನ್ ಎಂಜಿನಿಯರಿಂಗ್ ತಂಡಕ್ಕೆ ಹೊಸ ನಾಯಕಿಯರು: ನಾವೇ ಹೋಗಿ ಕೇಳಬೇಕಾ, ಅರ್ಜಿ ಹಾಕಿದವರೇ ಸಾಕಾ?

ವರ್ಷ ಮುಗಿಯುವ ಹೊತ್ತಿಗೆ ಕ್ಯಾಂಪಸ್‌ನ ವಿಮೆನ್ ಇನ್ ಎಂಜಿನಿಯರಿಂಗ್ ತಂಡಗಳಿಗೆ, ಅಂದರೆ ಎಂಜಿನಿಯರಿಂಗ್ ಓದುವ ಹುಡುಗಿಯರ ತಂಡಗಳಿಗೆ, ಒಂದೇ ಚಿಂತೆ. ಫೈನಲ್ ಇಯರ್‌ನವರು ಪ್ರಾಜೆಕ್ಟು, ಪ್ಲೇಸ್‌ಮೆಂಟು ಅಂತ ಹೊರಟು ನಿಂತಿರುತ್ತಾರೆ. ಚೇರ್, ಸೆಕ್ರೆಟರಿ, ಟ್ರೆಜರರ್ ಹುದ್ದೆಗಳಿಗೆ ಗೂಗಲ್ ಫಾರ್ಮ್ ಬಿಟ್ಟಾಯಿತು, ವಾಟ್ಸಾಪ್ ಗ್ರೂಪ್‌ನಲ್ಲಿ ಮತ್ತೆ ಮತ್ತೆ ನೆನಪಿಸಿದ್ದೂ ಆಯಿತು. ವರ್ಕ್‌ಶಾಪ್ ಇಟ್ಟಾಗ ಹಾಲ್ ತುಂಬುವಷ್ಟು ಬಂದ ಹುಡುಗಿಯರಲ್ಲಿ ಅರ್ಜಿ ಹಾಕಿದವರು ಬೆರಳೆಣಿಕೆಯಷ್ಟು. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಫಾರ್ಮ್ ನಂಬಿ ಕೂತರೆ ಆಗಲ್ಲ, ನಾವೇ ಹೋಗಿ ಒಬ್ಬೊಬ್ಬರನ್ನೇ ಕೇಳೋಣ. ಇನ್ನೊಬ್ಬರು ಅದು ಸರಿಯಲ್ಲ ಅನ್ನುತ್ತಾರೆ. ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೋಗಿ ಕೇಳಲೇಬೇಕು

ಅರ್ಜಿ ಹಾಕಲಿಲ್ಲ ಅಂದರೆ ಆಸಕ್ತಿ ಇಲ್ಲ ಅಂತ ನಾವು ಬಹಳ ಬೇಗ ತೀರ್ಮಾನ ಮಾಡಿಬಿಡುತ್ತೇವೆ. ನಮ್ಮ ಫಾರ್ಮ್‌ಗಳನ್ನೇ ಒಮ್ಮೆ ತೆರೆದು ನೋಡಿ. ಹೆಸರು, ಬ್ರಾಂಚ್, ಸೆಮಿಸ್ಟರ್, ಸಿಜಿಪಿಎ. ಆಮೇಲೆ ಕೆಂಪು ನಕ್ಷತ್ರ ಹಾಕಿದ ಒಂದು ಪ್ರಶ್ನೆ: ಹಿಂದಿನ ನಾಯಕತ್ವದ ಅನುಭವ ವಿವರಿಸಿ. ಶಾಲೆಯಲ್ಲಿ ಕ್ಲಾಸ್ ಲೀಡರ್ ಆಗಿದ್ದವಳು, ಡಿಬೇಟ್‌ನಲ್ಲಿ ಬಹುಮಾನ ತಗೊಂಡವಳು ಅಲ್ಲಿ ಸಲೀಸಾಗಿ ಹತ್ತು ಸಾಲು ಬರೆಯುತ್ತಾಳೆ. ಮನೆಯಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವಳು ಆ ಖಾಲಿ ಜಾಗ ನೋಡುತ್ತಾ ಸ್ವಲ್ಪ ಹೊತ್ತು ಕೂತು, ನಕ್ಷತ್ರ ಇರುವುದರಿಂದ ಖಾಲಿ ಬಿಟ್ಟು ಕಳಿಸುವುದಕ್ಕೂ ಆಗದೆ, ಫಾರ್ಮ್ ಮುಚ್ಚಿಬಿಡುತ್ತಾಳೆ. ನಮಗೆ ಅವಳು ಬಂದು ಹೋಗಿದ್ದೂ ಗೊತ್ತಾಗುವುದಿಲ್ಲ.

ಇದು ಸುಮ್ನೆ ಊಹೆ ಅಲ್ಲ. ಮುರಿಯಲ್ ನೀಡರ್ಲೆ, ಲೀಸ್ ವೆಸ್ಟರ್‌ಲಂಡ್ ಎಂಬ ಅರ್ಥಶಾಸ್ತ್ರಜ್ಞೆಯರು 2007ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎರಡಂಕಿಯ ಐದು ಸಂಖ್ಯೆಗಳನ್ನು ಕೂಡುತ್ತಾ ಹೋಗಬೇಕು, ಐದು ನಿಮಿಷ ಸಮಯ. ಲೆಕ್ಕದಲ್ಲಿ ಗಂಡಸರು, ಹೆಂಗಸರು ಇಬ್ಬರೂ ಸಮಾನ. ಮುಂದಿನ ಸುತ್ತಿನಲ್ಲಿ, ಮಾಡಿದಷ್ಟಕ್ಕೆ ದುಡ್ಡು ಬೇಕಾ, ಇಲ್ಲ ಸ್ಪರ್ಧೆಗೆ ಇಳಿಯುತ್ತೀರಾ ಅಂತ ಕೇಳಿದಾಗ ಗಂಡಸರಲ್ಲಿ 73% ಜನ ಸ್ಪರ್ಧೆ ಆರಿಸಿಕೊಂಡರು, ಹೆಂಗಸರಲ್ಲಿ 35% ಮಾತ್ರ. ಕೈಯಲ್ಲಿ ಸಾಮರ್ಥ್ಯ ಇತ್ತು, ಮುಂದೆ ಬರಲಿಲ್ಲ ಅಷ್ಟೇ. ನಮ್ಮ ತಂಡ ಹುಟ್ಟಿದ್ದೇ ಇಂಥವರಿಗಾಗಿ ಅಲ್ವಾ? ಹಾಗಿದ್ದ ಮೇಲೆ, ತಾನಾಗಿ ಕೈ ಎತ್ತಿದವಳಿಗೆ ಮಾತ್ರ ಜಾಗ ಅನ್ನುವ ನಿಯಮವನ್ನು ನಾವೇ ಯಾಕೆ ಇಟ್ಟುಕೊಳ್ಳಬೇಕು?

ಇನ್ನೊಂದು ಅಧ್ಯಯನವೂ ಇದೆ, 2021ರದ್ದು. ಜಾಯ್ಸ್ ಹೀ, ಸೋನಿಯಾ ಕಾಂಗ್, ನಿಕೋಲಾ ಲಾಸೆಟೆರಾ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಸ್ಪರ್ಧೆಗೆ ನೀವು ಈಗಾಗಲೇ ಸೇರಿದ್ದೀರಿ, ಬೇಡವಾದರೆ ಹೊರಗೆ ಬನ್ನಿ. ಇಷ್ಟು ಬದಲಾಯಿಸಿದ್ದಕ್ಕೇ ಗಂಡು ಹೆಣ್ಣಿನ ನಡುವಿನ ಅಂತರ ಕಾಣಿಸದಷ್ಟು ಇಳಿಯಿತು. 'ನಾನು ಬರಲಾ?' ಅಂತ ಕೇಳಬೇಕಾಗಿ ಬಂದಾಗ ಹಿಂಜರಿದವರು 'ನೀನು ಇದ್ದೀಯ' ಅಂದಾಗ ಉಳಿದುಕೊಂಡರು.

ಯಾರನ್ನು ಕೇಳಬೇಕು ಅಂತ ಗೊತ್ತಾಗಲು ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನ ಕಣ್ಣು ತೆರೆದು ಕೂತರೆ ಸಾಕು. ವಿದ್ಯುತ್ ಸಿಗ್ನಲ್ ತೋರಿಸುವ ಆಸಿಲೋಸ್ಕೋಪ್ ಪರದೆ ಮೇಲೆ ವೇವ್ ನಿಲ್ಲದೆ ಓಡುತ್ತಿರುತ್ತದೆ, ಇಬ್ಬರು ಕೂತು ವೈರ್ ಎಳೆದು ಎಳೆದು ನೋಡುತ್ತಿರುತ್ತಾರೆ. ಪಕ್ಕದ ಬೆಂಚಿನವಳು ಎದ್ದು ಬಂದು ಟ್ರಿಗರ್ ನಾಬ್ ಸ್ವಲ್ಪ ತಿರುಗಿಸುತ್ತಾಳೆ. ವೇವ್ ನಿಲ್ಲುತ್ತದೆ. ಅಲ್ಲಿಗೇ ಬಿಡದೆ, ನಾಬನ್ನು ಮತ್ತೆ ಕೆಡಿಸಿ 'ಈಗ ನೀನು ಮಾಡು' ಅನ್ನುತ್ತಾಳೆ. ಈ ಹುಡುಗಿ ಮೈಕ್ ಹಿಡಿದು ಎರಡು ಮಾತು ಆಡಿರುವುದಿಲ್ಲ, ಅವಳ ಲಿಂಕ್ಡ್‌ಇನ್‌ನಲ್ಲಿ ಏನೂ ಇರುವುದಿಲ್ಲ. ಆದರೆ ತಂಡಕ್ಕೆ ಬೇಕಾದವಳು ಅವಳೇ.

ಯಾಕೆ ಅವಳೇ ಅಂದರೆ, ಈ ತಂಡದಿಂದ ನಿಜವಾಗಿ ಉಪಯೋಗ ಆಗುವುದು ಎಲ್ಲಿ ಅಂತ ನೋಡಬೇಕು. ಟಾರಾ ಡೆನ್ನಿಹಿ ಮತ್ತು ನೀಲಾಂಜನಾ ದಾಸ್‌ಗುಪ್ತಾ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಜಿನಿಯರಿಂಗ್ ಸೇರಿದ 150 ಹುಡುಗಿಯರಿದ್ದರು. ಕೆಲವರಿಗೆ ಸೀನಿಯರ್ ಹುಡುಗಿ ಮೆಂಟರ್, ಕೆಲವರಿಗೆ ಸೀನಿಯರ್ ಹುಡುಗ, ಕೆಲವರಿಗೆ ಯಾರೂ ಇಲ್ಲ. ಮೊದಲ ವರ್ಷದ ಕೊನೆಗೆ ಹುಡುಗಿ ಮೆಂಟರ್ ಇದ್ದವರಲ್ಲಿ ಒಬ್ಬಳೂ ಎಂಜಿನಿಯರಿಂಗ್ ಬಿಟ್ಟಿರಲಿಲ್ಲ. ಉಳಿದ ಎರಡೂ ಗುಂಪಿನಲ್ಲಿ ಬಿಟ್ಟವರಿದ್ದರು. ಮೆಂಟರ್ ಸಿಕ್ಕಿದ್ದಕ್ಕೆ ಮಾರ್ಕ್ಸ್ ಏರಿತ್ತು ಅಂತಲ್ಲ, ನನಗೂ ಇಲ್ಲಿ ಜಾಗ ಇದೆ ಅನ್ನುವ ಧೈರ್ಯ ಉಳಿದಿತ್ತು. ಅಂಥ ಧೈರ್ಯ ಕೊಡುವವಳನ್ನು ಭಾಷಣ, ಪೋಸ್ಟರ್, ಸ್ಪಾನ್ಸರ್ ಪಟ್ಟಿ ನೋಡಿ ಹುಡುಕಲು ಆಗುವುದಿಲ್ಲ. ಅವಳ ಬೆಂಚಿನ ಹತ್ತಿರವೇ ಹೋಗಬೇಕು.

ಕೇಳುವುದಕ್ಕೂ ಒಂದು ರೀತಿ ಇದೆ, ಇದನ್ನು ಒತ್ತಿ ಹೇಳುತ್ತೇನೆ. 'ನೀನು ತುಂಬಾ ಒಳ್ಳೆಯವಳು, ತಂಡಕ್ಕೆ ಬಾ' ಅಂದರೆ ಯಾರೂ ಬರುವುದಿಲ್ಲ. ಅದು ಮುಖಸ್ತುತಿ ಅಂತ ಗೊತ್ತಾಗುತ್ತದೆ. 'ಮೊನ್ನೆ ಲ್ಯಾಬ್‌ನಲ್ಲಿ ನೀನು ನಾಬ್ ಕೆಡಿಸಿ ಅವಳ ಕೈಲೇ ಮಾಡಿಸಿದೆಯಲ್ಲ, ಫಸ್ಟ್ ಇಯರ್‌ನವರಿಗೆ ಮೆಂಟರಿಂಗ್ ನಡೆಸೋಕೆ ಅದೇ ಬೇಕು, ವಾರಕ್ಕೆ ಎರಡು ಗಂಟೆ ಆಗುತ್ತೆ, ಮೊದಲ ಎರಡು ತಿಂಗಳು ನಾನು ಜೊತೆಗಿರ್ತೀನಿ' ಅನ್ನಿ. ಕಂಡದ್ದು ಏನು, ಕೆಲಸ ಏನು, ಎಷ್ಟು ಹೊತ್ತು, ಜೊತೆಗೆ ಯಾರು, ಎಲ್ಲ ಅದರಲ್ಲಿದೆ. ತಕ್ಷಣ ಉತ್ತರ ಕೇಳಬೇಡಿ. ಒಂದು ವಾರ ಬಿಡಿ. ಬೇಡ ಅಂದರೆ ಬೇಡ, ಆಮೇಲೂ ಮೊದಲಿನ ಹಾಗೇ ಮಾತಾಡಿಸಿ. ಫಾರ್ಮನ್ನೂ ಕಳಿಸಿ, ಬೇಡ ಅನ್ನುತ್ತಿಲ್ಲ. ಆದರೆ ಫಾರ್ಮ್ ಕಳಿಸಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡರೆ, ಎಲ್ಲ ಕಡೆ ಮೊದಲೇ ಮುಂದೆ ನಿಂತು ಅಭ್ಯಾಸ ಇರುವವರಿಗೇ ಇನ್ನೊಂದು ಹುದ್ದೆ ಕೊಟ್ಟ ಹಾಗಾಗುತ್ತದೆ.

ವಿರೋಧ: ಆರಿಸಿ ಕೇಳಬೇಡಿ, ಎಲ್ಲರಿಗೂ ಒಂದೇ ಕರೆ ಕೊಡಿ

ಒಳ್ಳೆಯ ಮನಸ್ಸಿನಿಂದ ಕೇಳುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಯಾರು ಯಾರನ್ನು ಕೇಳುತ್ತಾರೆ? ಕಣ್ಣಿಗೆ ಬಿದ್ದವರನ್ನು. ಈಗಿನ ಕಮಿಟಿಯಲ್ಲಿ ಕಂಪ್ಯೂಟರ್ ಸೈನ್ಸ್‌ನವರು ಜಾಸ್ತಿ ಇದ್ದರೆ ಅವರ ಕಣ್ಣಿಗೆ ಬೀಳುವುದು ಕಂಪ್ಯೂಟರ್ ಸೈನ್ಸ್ ಜೂನಿಯರ್‌ಗಳೇ. ಹಾಸ್ಟೆಲ್‌ನವರು ಹಾಸ್ಟೆಲ್‌ನವರನ್ನು ನೋಡಿರುತ್ತಾರೆ. ಕ್ಲಾಸ್ ಬಿಟ್ಟ ತಕ್ಷಣ ಬಸ್ ಹಿಡಿಯಬೇಕಾದವಳನ್ನು, ಮೆಕ್ಯಾನಿಕಲ್‌ನಲ್ಲಿ ಇಡೀ ಸೆಕ್ಷನ್‌ಗೆ ಇಬ್ಬರೇ ಹುಡುಗಿಯರಲ್ಲಿ ಒಬ್ಬಳಾದವಳನ್ನು ಯಾರು ನೋಡಿದ್ದಾರೆ? ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನ ಕೂತು ನೋಡಿ ಅನ್ನುವುದು ಸರಿ, ಆದರೆ ಕೂರುವುದು ನಮ್ಮ ಲ್ಯಾಬ್‌ನಲ್ಲೇ. ಸಿವಿಲ್‌ನವರ ಸರ್ವೇ ಕ್ಯಾಂಪ್‌ಗೆ ಯಾರೂ ಹೋಗುವುದಿಲ್ಲ. ಹೀಗೆ ಎರಡು ಮೂರು ವರ್ಷ ನಡೆದರೆ ತಂಡ ಒಂದು ಸ್ನೇಹಿತರ ಬಳಗ ಆಗಿಬಿಡುತ್ತದೆ, ಅದೂ ಯಾರೊಬ್ಬರೂ ಕೆಟ್ಟ ಉದ್ದೇಶ ಇಟ್ಟುಕೊಳ್ಳದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದು. ಕೇಳಿದಾಗ ಬೇಡ ಅನ್ನುವ ಸ್ವಾತಂತ್ರ್ಯ ಆ ಹುಡುಗಿಗೆ ನಿಜವಾಗಿ ಇದೆಯಾ? ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಇದರ ಜೊತೆ ಇಟ್ಟು ನೋಡಿ. ಮೂರು ಜನರ ಗುಂಪು, ಎರಡು ನಿಮಿಷ ಸಮಯ, ಯಾರಾದರೂ ಒಬ್ಬರು ಬಟನ್ ಒತ್ತಬೇಕು. ಒತ್ತಿದವರಿಗೆ 1.25 ಡಾಲರ್, ಉಳಿದ ಇಬ್ಬರಿಗೆ 2 ಡಾಲರ್. ಯಾರೂ ಒತ್ತದಿದ್ದರೆ ಎಲ್ಲರಿಗೂ 1 ಡಾಲರ್ ಮಾತ್ರ. ಅಂದರೆ ಯಾರಾದರೂ ಮಾಡಲೇಬೇಕು, ಮಾಡಿದವರಿಗೆ ಮಾತ್ರ ಕಡಿಮೆ. ಗಂಡಸರೂ ಇದ್ದ ಗುಂಪುಗಳಲ್ಲಿ ಹೆಂಗಸರು ಒತ್ತಿದ್ದು 48% ಜಾಸ್ತಿ. ಇನ್ನೊಬ್ಬರನ್ನು ಕರೆತಂದು, ನೀವು ಯಾರನ್ನಾದರೂ ಕೇಳಿ ಅಂದಾಗ, ಅವರು ಕೇಳಿದ್ದೂ ಹೆಂಗಸರನ್ನೇ ಜಾಸ್ತಿ. ಕೇಳಿದಾಗ ಹೂಂ ಅಂದವರು ಹೆಂಗಸರಲ್ಲಿ 76%, ಗಂಡಸರಲ್ಲಿ 51%.

ಬರೀ ಹೆಂಗಸರಿದ್ದ ಗುಂಪಿನಲ್ಲಿ ಈ ವ್ಯತ್ಯಾಸ ಇರಲಿಲ್ಲ, ನಮ್ಮದೂ ಹುಡುಗಿಯರದೇ ತಂಡ ಅಲ್ವಾ ಅಂತ ಯಾರಾದರೂ ಹೇಳಬಹುದು. ಆದರೆ ಅವಳು ಬದುಕುತ್ತಿರುವುದು ಇಡೀ ಕ್ಯಾಂಪಸ್‌ನಲ್ಲಿ. ಅಲ್ಲಿ ಅವಳನ್ನು ಈಗಾಗಲೇ ಕೇಳಿ ಆಗಿರುತ್ತದೆ. ರೊಬಾಟಿಕ್ಸ್ ಕ್ಲಬ್‌ನವರು ಪೋಸ್ಟರ್ ಮಾಡಿಕೊಡು ಅಂದಿರುತ್ತಾರೆ, ಡಿಪಾರ್ಟ್‌ಮೆಂಟ್‌ನವರು ವಂದನಾರ್ಪಣೆ ನೀನೇ ಮಾಡಮ್ಮ ಅಂದಿರುತ್ತಾರೆ, ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಕೋಡ್ ಹುಡುಗರು ಬರೆದು ರಿಪೋರ್ಟ್ ಇವಳಿಗೆ ಬಿಟ್ಟಿರುತ್ತಾರೆ. ಎಲ್ಲಕ್ಕೂ ಹೂಂ ಅಂದವಳ ಹತ್ತಿರ ಈಗ ನಾವೂ ಹೋಗಿ ನಿಲ್ಲುತ್ತೇವೆ. ಅದೂ ಯಾರು? ಹೋದ ಸೆಮಿಸ್ಟರ್ ನೋಟ್ಸ್ ಕೊಟ್ಟ, ಇಂಟರ್ನ್‌ಶಿಪ್‌ಗೆ ರೆಫರ್ ಮಾಡಬಹುದಾದ ಸೀನಿಯರ್. ವಾರ ಬಿಟ್ಟು ಉತ್ತರ ಹೇಳು ಅಂದ ಮಾತ್ರಕ್ಕೆ ಆ ಭಾರ ಇಳಿಯುವುದಿಲ್ಲ. ನನ್ನನ್ನೂ ಹೀಗೇ ಕೇಳಿ ಕರೆತಂದಿದ್ದರು. ಬೇಡ ಅನ್ನಲು ಬಾಯಿ ಬರಲಿಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ಅತಿಥಿಯ ಹೆಸರಿನ ಸ್ಪೆಲಿಂಗ್ ತಪ್ಪಿದೆ ಅಂತ ಸರ್ಟಿಫಿಕೇಟ್ ಫೈಲನ್ನು ಮತ್ತೆ ತೆರೆದು ಕೂತಿದ್ದು ಚೆನ್ನಾಗಿ ನೆನಪಿದೆ, ಆ ಕೆಲಸವನ್ನು ಆಮೇಲೆ ಯಾವ ಇಂಟರ್ವ್ಯೂನಲ್ಲೂ ಯಾರೂ ಕೇಳಲಿಲ್ಲ.

2021ರ ಆ ಅಧ್ಯಯನವನ್ನು ಕೇಳುವುದರ ಪರವಾಗಿ ಹೇಳುತ್ತಾರೆ, ನನಗೆ ಅದು ಉಲ್ಟಾ ಕಾಣುತ್ತದೆ. ಅಲ್ಲಿ ಯಾವ ಸೀನಿಯರೂ ಬಂದು ಇಂತಿಂಥವರನ್ನು ಆರಿಸಿ ಕರೆಯಲಿಲ್ಲ. ಎಲ್ಲರಿಗೂ ಒಂದೇ ನಿಯಮ: ನೀವು ಒಳಗಿದ್ದೀರಿ, ಬೇಡವಾದರೆ ಹೊರಗೆ ಬನ್ನಿ. ನಾವೂ ಅದನ್ನೇ ಮಾಡಬಹುದಲ್ಲ. ಎರಡು ಕಾರ್ಯಕ್ರಮಕ್ಕೆ ಬಂದು ಸಹಿ ಹಾಕಿದ ಪ್ರತಿಯೊಬ್ಬ ಸದಸ್ಯೆಯ ಹೆಸರನ್ನೂ ಅಭ್ಯರ್ಥಿಗಳ ಪಟ್ಟಿಯಲ್ಲಿ ಇಡಿ, ಬೇಡ ಅನ್ನುವವರು ಒಂದು ಕ್ಲಿಕ್ ಮಾಡಿ ತೆಗೆಯಲಿ, ಯಾಕೆ ಅಂತ ಯಾರೂ ಕೇಳುವುದು ಬೇಡ. ಹಾಜರಿ ಪಟ್ಟಿಗೆ ಬ್ರಾಂಚ್ ಗೊತ್ತಿಲ್ಲ, ಹಾಸ್ಟೆಲ್ ಗೊತ್ತಿಲ್ಲ, ಯಾರು ಯಾರ ಗೆಳತಿ ಅಂತಲೂ ಗೊತ್ತಿಲ್ಲ.

ಬಹಿರಂಗ ಕರೆಯಿಂದ ಹೊಸಬರು ಬರುವುದಿಲ್ಲ ಅನ್ನುವುದೂ ನಿಜವಲ್ಲ. ಬ್ರಿಟನ್ನಿನ ವಿಮೆನ್ಸ್ ಎಂಜಿನಿಯರಿಂಗ್ ಸೊಸೈಟಿ 1919ರಲ್ಲಿ ಶುರುವಾದಾಗ ಕಾರ್ಯದರ್ಶಿ ಬೇಕು ಅಂತ ಜಾಹೀರಾತು ಕೊಟ್ಟಿತು. ಎಂಜಿನಿಯರಿಂಗ್ ಕೆಲಸದಲ್ಲಿ ಸ್ವಲ್ಪ ಅನುಭವ ಇರುವ ಮಹಿಳೆ ಬೇಕು, ಇಷ್ಟೇ ಷರತ್ತು. ಅದನ್ನು ನೋಡಿ ಅರ್ಜಿ ಹಾಕಿದವರು ಕ್ಯಾರೊಲಿನ್ ಹ್ಯಾಸ್ಲೆಟ್. ಬಾಯ್ಲರ್ ಕಂಪನಿಯೊಂದರ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಕಾರ್ಖಾನೆ ಕಡೆಗೆ ಬಂದು ಎಂಜಿನಿಯರಿಂಗ್ ಕಲಿತವರು. ದೊಡ್ಡ ಮನೆತನದವರಲ್ಲ, ಸಂಸ್ಥೆ ಕಟ್ಟಿದವರ ಬಳಗದವರೂ ಅಲ್ಲ. ಸೊಸೈಟಿಯ ಪತ್ರಿಕೆ ನಡೆಸಿದರು, 1924ರಲ್ಲಿ ಎಲೆಕ್ಟ್ರಿಕಲ್ ಅಸೋಸಿಯೇಷನ್ ಫಾರ್ ವಿಮೆನ್‌ನ ಮೊದಲ ನಿರ್ದೇಶಕಿ ಆದರು, ಮುಂದೆ ಅದೇ ಸೊಸೈಟಿಗೆ ಅಧ್ಯಕ್ಷೆಯೂ ಆದರು. ಗೊತ್ತಿದ್ದವರನ್ನು ಮಾತ್ರ ಕೇಳಿದ್ದರೆ ಅವರು ಸಿಗುತ್ತಿರಲಿಲ್ಲ.

ಫಾರ್ಮ್ ಕೆಟ್ಟದಾಗಿದ್ದರೆ ಫಾರ್ಮ್ ಸರಿ ಮಾಡೋಣ. ಹಿಂದಿನ ಅನುಭವದ ಪ್ರಶ್ನೆ ಕಿತ್ತುಹಾಕಿ. ಅದರ ಜಾಗದಲ್ಲಿ 'ಮೊದಲ ತಿಂಗಳು ಏನು ಮಾಡಬೇಕು ಅಂತ ಅನಿಸುತ್ತೆ?' ಅಂತ ಕೇಳಿ. ಒಂದೊಂದು ಹುದ್ದೆಗೂ ವಾರಕ್ಕೆ ಎಷ್ಟು ಗಂಟೆ, ಪರೀಕ್ಷೆ ಸಮಯದಲ್ಲಿ ಏನಿರುತ್ತದೆ, ಅವಧಿ ಯಾವಾಗ ಮುಗಿಯುತ್ತದೆ ಅಂತ ಮೇಲೆಯೇ ಬರೆಯಿರಿ. ಇಬ್ಬರು ಸೇರಿ ಒಂದು ಹುದ್ದೆಗೆ ಅರ್ಜಿ ಹಾಕಬಹುದು ಅನ್ನಿ. ಆಯ್ಕೆ ಆಗದವರಿಗೆ ಕಾರಣ ತಿಳಿಸಿ. ಕರೆಯನ್ನು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಕ್ಲಾಸ್‌ಗಳಿಗೇ ಹೋಗಿ, ಎಲ್ಲರ ಮುಂದೆ ಓದಿ ಹೇಳಿ. ಒಬ್ಬಳ ಕಿವಿಯಲ್ಲಿ ಹೇಳಬೇಡಿ.

ಇಷ್ಟೆಲ್ಲ ಮಾಡಿಯೂ ಜನ ಸಾಲದಿದ್ದರೆ? ಹಾಗಿದ್ದರೆ ಹುದ್ದೆಗಳನ್ನು ಕಡಿಮೆ ಮಾಡಿ. ಚೇರ್, ವೈಸ್ ಚೇರ್, ಜಾಯಿಂಟ್ ಸೆಕ್ರೆಟರಿ, ಪಬ್ಲಿಸಿಟಿ ಹೆಡ್, ಡಿಸೈನ್ ಹೆಡ್ ಅಂತ ಉದ್ದ ಪಟ್ಟಿ ಇರಲೇಬೇಕಾಗಿಲ್ಲ. ಬಂದ ಮೂವರಿಂದ ಎಷ್ಟಾಗುತ್ತದೋ ಅಷ್ಟು ಮಾಡಿ: ಫಸ್ಟ್ ಇಯರ್‌ನವರ ಮೆಂಟರಿಂಗ್ ಉಳಿಸಿಕೊಳ್ಳಿ, ದೊಡ್ಡ ಸಮಾವೇಶ ಈ ವರ್ಷ ಬಿಡಿ. ಫ್ಯಾಕಲ್ಟಿ ಅಡ್ವೈಸರ್‌ಗೆ ಬೇಸರ ಆಗಬಹುದು, ವಾರ್ಷಿಕ ವರದಿ ತೆಳ್ಳಗಾಗಬಹುದು. ಆಗಲಿ, ವರದಿ ದಪ್ಪ ಮಾಡಲು ಇನ್ನೊಬ್ಬಳನ್ನು ಕಾರಿಡಾರ್‌ನಲ್ಲಿ ನಿಲ್ಲಿಸಿ ಹೂಂ ಅನ್ನಿಸುವುದು ಮಾತ್ರ ಬೇಡ.