ಚಿತ್ರದ ತರಗತಿಗೂ ಮಕ್ಕಳ ಭಾಷೆ ಬೇಕು

ನಿನ್ನೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಚಿತ್ರಕಲಾ ವಿಭಾಗದ ವರ್ಷದ ಕೆಲಸಗಳ ಪ್ರದರ್ಶನವಿತ್ತು. ವಿಭಾಗವೆಂದರೆ ಒಬ್ಬರೇ ಅಧ್ಯಾಪಕರು, ಒಂದು ಕೋಣೆ. ಅವರು ಈ ಮಾರ್ಚಿನಲ್ಲಿ ನಿವೃತ್ತರಾಗುತ್ತಾರೆ. ಮುಂದೆ ಬರುವವರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂದು ಹೆತ್ತವರೊಬ್ಬರು ಆತಂಕದಿಂದ ಕೇಳಿದಾಗ, ವೇದಿಕೆಯಲ್ಲಿದ್ದ ಅತಿಥಿಯೊಬ್ಬರು, "ಡ್ರಾಯಿಂಗ್ ಮಾಸ್ಟ್ರು ಯಾವ ಭಾಷೆಯವರಾದರೇನು? ಚಿತ್ರಕ್ಕೆ ಭಾಷೆಯೇ ಇಲ್ಲವಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಿಂದ ನನಗೆ ಬಹಳ ನೋವಾಯಿತು.

ಗೋಡೆಯ ಮೇಲಿದ್ದ ಚಿತ್ರಗಳನ್ನು ನೋಡುವುದಕ್ಕೆ ಭಾಷೆ ಬೇಕಾಗದಿರಬಹುದು. ಅವು ಆ ಗೋಡೆಯನ್ನು ತಲುಪಿದ ಬಗೆಯನ್ನು ಆ ಅತಿಥಿಗಳು ಕೇಳಲೇ ಇಲ್ಲ. ಜೂನ್‌ನಲ್ಲಿ ಎಂಟನೆಯ ತರಗತಿಯ ಮಕ್ಕಳ ಕೈಗೆ ಬರಿಯ ಪೆನ್ಸಿಲ್ ಕೊಟ್ಟು, ಗೇರುಮರದ ಎಲೆಯನ್ನು ಮೊದಲು ಕಣ್ಣಿನಿಂದ ಅಳೆಯಲು ಹೇಳಿಕೊಟ್ಟದ್ದು ಮಾತಿನಿಂದ. ಆಟಿ ತಿಂಗಳ ಜಡಿಮಳೆಯಲ್ಲಿ ಕಾಗದ ಬೇಗ ಒಣಗುವುದಿಲ್ಲ. ಹಸಿ ಬಣ್ಣದ ಮೇಲೆ ಇನ್ನೊಂದು ಬಣ್ಣ ಹಾಕಿದರೆ ಎರಡೂ ಹರಡಿ ಕಲಸಿಹೋಗುತ್ತವೆ. ಎಲ್ಲಿ ಕಾಯಬೇಕು, ಆ ಹರಡುವಿಕೆಯನ್ನೇ ಮೋಡಕ್ಕೆ ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಮಗುವಿನ ಪಕ್ಕದಲ್ಲಿ ಕುಳಿತು, ಅದರ ಕುಂಚ ಕಾಗದವನ್ನು ಮುಟ್ಟುವ ಆ ಗಳಿಗೆಯಲ್ಲೇ ಹೇಳಬೇಕು.

ನಾನು ಗಣಿತ ಕಲಿಸಿದವನೆಂಬುದು ನಿಮಗೆಲ್ಲ ಗೊತ್ತೇ ಇದೆ. ಒಂಬತ್ತನೆಯವರಿಗೆ ಪರ್ಸ್ಪೆಕ್ಟಿವ್ ಪಾಠ ಮಾಡಲು ಈ ಅಧ್ಯಾಪಕರು ಮಕ್ಕಳನ್ನು ರೈಲು ನಿಲ್ದಾಣಕ್ಕೆ ಕರೆದೊಯ್ದಿದ್ದರು. ಸಮಾನಾಂತರವಾದ ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವುದು, ಕುಳಿತರೆ ಕ್ಷಿತಿಜರೇಖೆ ಕಣ್ಣಿನೊಂದಿಗೆ ಇಳಿಯುವುದು, ಎದ್ದರೆ ಏರುವುದು, ಇದೆಲ್ಲ ರೇಖಾಗಣಿತದ ಒಂದು ಪ್ರಮೇಯದಷ್ಟೇ ಬಿಗಿಯಾದ ತರ್ಕ. ಗಣಿತಕ್ಕೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಹೋರಾಡಿದ ನಾವೇ ಇದೇ ತರ್ಕವನ್ನು ಮಕ್ಕಳು ಚಿತ್ರದ ತರಗತಿಯಲ್ಲಿ ಕೈಸನ್ನೆಯಿಂದ ಕಲಿಯಲಿ ಎಂದು ಸುಮ್ಮನಿರುವುದು ಯಾವ ನ್ಯಾಯ?

ಇಲ್ಲಿಯ ಮಕ್ಕಳಿಗೆ ಮಲಯಾಳ ಹೇಗೂ ಬರುತ್ತದೆ, ಕೇರಳದಲ್ಲಿದ್ದು ಇಷ್ಟು ಹಟ ಏಕೆ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಪೇಟೆಯಲ್ಲಿ ವ್ಯವಹರಿಸುವಷ್ಟು ಕೆಲವರಿಗೆ ಬರುತ್ತದೆ, ನಿಜ. ಮಲಯಾಳದ ಮೇಲೆ ನನಗೆ ದ್ವೇಷವಿಲ್ಲ, ಆ ಭಾಷೆಯ ಅಧ್ಯಾಪಕರ ಪ್ರತಿಭೆಯ ಬಗ್ಗೆ ಸಂಶಯವೂ ಇಲ್ಲ. ಆದರೆ ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಈ ಮಕ್ಕಳೆಲ್ಲ ಒಟ್ಟಾಗಿ ಕಲಿಯುವ ಭಾಷೆ ಕನ್ನಡ. ಅವರು ಪ್ರಶ್ನೆ ಕೇಳುವುದು ಅದರಲ್ಲಿ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗಡಿ ಎಳೆದವರು ಈ ಮಕ್ಕಳ ಅಜ್ಜ ಅಜ್ಜಿಯರನ್ನೂ ಕೇಳಲಿಲ್ಲ.

ನನ್ನ ತಂದೆ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರಗಳನ್ನು, ಮಾಡುತ್ತಿದ್ದರೆಂಬುದನ್ನು ಇಲ್ಲಿ ಹಿಂದೆಂದೂ ಬರೆದಿರಲಿಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಚುಟ್ಟಿ ಎಂಬ ಬಿಳಿಯ ಉಬ್ಬು ಚುಕ್ಕೆಗಳನ್ನು ಇಡುತ್ತ ಅವರು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರುತ್ತಿದ್ದರು. ಹದ ತಪ್ಪಿದರೆ ಚುಟ್ಟಿ ಉದುರುತ್ತದೆ. ಆ ಹದವನ್ನು ಅವರು ಕಲಿತದ್ದು ವೇಷ ಕಟ್ಟುವ ಚೌಕಿಯಲ್ಲಿ ಹಿರಿಯ ವೇಷಧಾರಿಗಳ ಮಾತು ಕೇಳುತ್ತ, ಬೈಗುಳವನ್ನೂ ಕೇಳುತ್ತ. ಈ ವರ್ಷ ಇದೇ ಶಾಲೆಯ ಅಧ್ಯಾಪಕರು ವೇಷಧಾರಿಯೊಬ್ಬರನ್ನು ಕರೆಸಿ, ಅರದಾಳದ ಹಳದಿಯನ್ನೂ ಇಂಗಳೀಕದ ಕೆಂಪನ್ನೂ ತೋರಿಸಿ, ಆ ಬಣ್ಣಗಳಲ್ಲಿ ಒಂದೊಂದಕ್ಕೂ ಮುಖದ ಮೇಲೆ ಅದರದೇ ಜಾಗವಿರುವುದೇಕೆಂದು ವಿವರಿಸಿದರಂತೆ. ಮಧೂರು ದೇವಸ್ಥಾನದ ಮರದ ಕೆತ್ತನೆಗಳ ಮುಂದೆ ಮಕ್ಕಳನ್ನು ಕೂರಿಸಿ, ಯಾವ ಆಕೃತಿ ರಾಮಾಯಣದ ಯಾವ ಪ್ರಸಂಗವೆಂದು ಮೊದಲು ಕಥೆ ಹೇಳಿ, ಆಮೇಲೆ ಗೆರೆ ಎಳೆಸಿದರಂತೆ. ಆ ಕಥೆಯನ್ನು ಹೇಳದೆ ಬರಿಯ ಆಕೃತಿಯನ್ನು ನಕಲು ಮಾಡಿಸಿದ್ದರೆ ನಿನ್ನೆ ನಾನು ಕಂಡ ಆ ಹನುಮಂತನ ಬಾಗಿದ ಬೆನ್ನು ಅಷ್ಟು ಜೀವಂತವಾಗಿ ಮೂಡುತ್ತಿರಲಿಲ್ಲ.

ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದ ಬಹುಮಾನಗಳ ವಿಚಾರವನ್ನೂ ಒಬ್ಬರು ಎತ್ತಿದರು. ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಅಂಕಗಳ, ಅಂದರೆ ಗ್ರೇಸ್ ಮಾರ್ಕಿನ, ಆಸೆಯಿಂದಲಾದರೂ ಚಿತ್ರಕ್ಕೆ ಸ್ವಲ್ಪ ಬೆಲೆ ಬಂದರೆ ಬರಲಿ. ಆದರೆ ಬಹುಮಾನ ಗೆಲ್ಲುವುದು ಮೂರು ನಾಲ್ಕು ಮಕ್ಕಳು, ತರಗತಿಯಲ್ಲಿ ಕೂರುವುದು ಎಲ್ಲರೂ. ಕಲಾಶಿಕ್ಷಣವು ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಕಡ್ಡಾಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಎಲ್ಲ ಮಕ್ಕಳಿಗೂ ಎಂದ ಮೇಲೆ, ಅಧ್ಯಾಪಕರ ಮಾತು ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಖಾಲಿ ಹಾಳೆ ಹಿಡಿದು ಕೂರುವ ಮಗುವೂ ಅದರಲ್ಲಿ ಸೇರುತ್ತದೆ.

ರಕ್ಷಕ-ಶಿಕ್ಷಕ ಸಂಘದವರು ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಬೇಕೆಂದು ಜಿಲ್ಲಾ ಶಿಕ್ಷಣಾಧಿಕಾರಿಯವರಿಗೆ ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಕರಡಿನಲ್ಲಿ ಗಣಿತ, ವಿಜ್ಞಾನ, ಸಮಾಜ ವಿಷಯಗಳ ಹೆಸರು ಮಾತ್ರ ಇದೆ, ಚಿತ್ರಕಲೆಯನ್ನು ಬಿಟ್ಟಿದ್ದಾರೆ. ಸಹಿ ಹಾಕುವ ಮೊದಲು ಅದನ್ನು ಸೇರಿಸಲು ದಯವಿಟ್ಟು ಒತ್ತಾಯಿಸಿ. ನಾನು ಈಗಾಗಲೇ ಹೇಳಿದ್ದೇನೆ. ಸೇರಿಸುವವರೆಗೂ ಹೇಳುತ್ತಲೇ ಇರುತ್ತೇನೆ.