ಫ್ರಿಜ್ಜಿಗೆ ಬಗ್ಗದ ಲಿಸ್ಟೀರಿಯಾ ಮತ್ತು ಗರ್ಭಿಣಿಯ ಜ್ವರ

ಗರ್ಭಿಣಿಗೆ ಜ್ವರ, ಚಳಿ, ಮೈಕೈ ನೋವು, ಸೊಂಟನೋವು. 'ವೈರಲ್ ಇರಬೇಕು' ಎಂದು ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸುವುದು ಮಾಮೂಲಿ. ಇದನ್ನು ನಾನು ಒಪ್ಪುವುದಿಲ್ಲ. ಕಾರಣ ಗೊತ್ತಾಗದ ಜ್ವರವಾದರೆ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲೇಬೇಕು. ಲಿಸ್ಟೀರಿಯೋಸಿಸ್, ಅಂದರೆ ಆಹಾರದ ಮೂಲಕ ಬರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು, ಗರ್ಭಿಣಿಯಲ್ಲಿ ಕಾಣಿಸಿಕೊಳ್ಳುವುದೇ ಹೀಗೆ. ತಾಯಿಯ ಜ್ವರ ತಾನಾಗಿಯೇ ಇಳಿಯಬಹುದು, ಅಷ್ಟರಲ್ಲಿ ಬ್ಯಾಕ್ಟೀರಿಯಾ ಮಾಸು ದಾಟಿ ಮಗುವನ್ನು ಮುಟ್ಟಿರುತ್ತದೆ. ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಹೊಟ್ಟೆಯಲ್ಲೇ ಮಗುವಿನ ಸಾವು, ಇಲ್ಲವೇ ಹುಟ್ಟಿದ ಕೂಸಿಗೆ ರಕ್ತದ ನಂಜು. ಮಲಪರೀಕ್ಷೆ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ವಯಸ್ಸಾದವರು, ಕೀಮೋಥೆರಪಿಯಲ್ಲಿರುವವರು, ಕಿಡ್ನಿ ಕಸಿಯಾದವರು, ದಿನವೂ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಇದು ಮಿದುಳಿಗೆ ಏರಬಹುದು. ಜ್ವರ, ತಲೆನೋವು, ಗೊಂದಲದ ಮಾತು, ನಡೆಯುವಾಗ ತೂರಾಟ. ಕುತ್ತಿಗೆ ಬಿಗಿತ ಇರಲೇಬೇಕೆಂದಿಲ್ಲ. ಮೆನಿಂಜೈಟಿಸ್ (ಮಿದುಳುಪೊರೆಯ ಉರಿಯೂತ) ಎಂದೊಡನೆ ಕೊಡುವ ಆಂಟಿಬಯಾಟಿಕ್ ಸೆಫ್ಟ್ರಯಾಕ್ಸೋನ್ ಲಿಸ್ಟೀರಿಯಾದ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಆದ್ದರಿಂದಲೇ 50 ದಾಟಿದವರಿಗೆ ಜೊತೆಯಲ್ಲಿ ಆಂಪಿಸಿಲಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಸೇರಿಸಬೇಕು, ಮೆನಿಂಜೈಟಿಸ್ ಲಿಸ್ಟೀರಿಯಾದಿಂದಲೇ ಎಂದು ಖಚಿತವಾದರೆ ಕನಿಷ್ಠ 21 ದಿನ ಮುಂದುವರಿಸಬೇಕು.

2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ 1,000ಕ್ಕೂ ಹೆಚ್ಚು ಜನರಿಗೆ ಇದು ತಗುಲಿತು, 200ಕ್ಕೂ ಹೆಚ್ಚು ಜನ ಸತ್ತರು. ರೋಗಿಗಳಲ್ಲಿ ಸುಮಾರು ಹತ್ತಕ್ಕೆ ನಾಲ್ವರು ನವಜಾತ ಶಿಶುಗಳು. ಸೋಂಕಿನ ಮೂಲ ತಿಂಗಳುಗಟ್ಟಲೆ ಸಿಗಲಿಲ್ಲ. ತಿಂದ ಮೇಲೆ ಲಕ್ಷಣ ಕಾಣಲು 70 ದಿನದವರೆಗೂ ಹಿಡಿಯಬಹುದಾದ ಕಾಯಿಲೆಯಲ್ಲಿ, ಏನು ತಿಂದಿದ್ದಿರಿ ಎಂದು ಕೇಳಿದರೆ ಯಾರಿಗೆ ತಾನೆ ನೆನಪಿರುತ್ತದೆ? 2018ರ ಜನವರಿಯಲ್ಲಿ ಜೋಹಾನ್ಸ್‌ಬರ್ಗ್‌ನ ಸೊವೆಟೊ ಬಡಾವಣೆಯ ಒಂದು ಶಿಶುವಿಹಾರದ ಮಕ್ಕಳು ಜ್ವರ, ಭೇದಿಯಿಂದ ಆಸ್ಪತ್ರೆ ಸೇರಿದಾಗ ಸುಳಿವು ಸಿಕ್ಕಿತು. ಅಲ್ಲಿನ ಫ್ರಿಜ್ಜಿನಲ್ಲಿ ಪೊಲೊನಿ ಇತ್ತು: ಬೇಯಿಸಿ ಪ್ಯಾಕ್ ಮಾಡಿದ, ಹೋಳು ಮಾಡಿ ಬ್ರೆಡ್ಡಿಗಿಟ್ಟು ಹಾಗೇ ತಿನ್ನುವ ಅಗ್ಗದ ಮಾಂಸ. ಜಾಡು ಪೊಲೊಕ್ವಾನೆ ನಗರದ ಪೊಲೊನಿ ಕಾರ್ಖಾನೆಗೆ ಹೋಯಿತು, ಜೀನೋಮ್ ಪರೀಕ್ಷೆಯಲ್ಲಿ ಅಲ್ಲಿನ ಬ್ಯಾಕ್ಟೀರಿಯಾದ ತಳಿ ರೋಗಿಗಳಲ್ಲಿದ್ದುದಕ್ಕೆ ತಾಳೆಯಾಯಿತು, ಸೋಂಕಿನ ಮೂಲ ಇದೇ ಎಂದು ಮಾರ್ಚ್ 4ರಂದು ಸರ್ಕಾರ ಘೋಷಿಸಿತು. ಬಡವರ ಮಕ್ಕಳ ಬುತ್ತಿಯ ತಿನಿಸು ಅದು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೇಯಿಸಿದ್ದರಲ್ಲಿ ಹೇಗೆ ಬಂತು? ಬೆಂಕಿಗೆ ಲಿಸ್ಟೀರಿಯಾ ಸಾಯುತ್ತದೆ. ಆದರೆ ಕಾರ್ಖಾನೆಯ ಒದ್ದೆ ನೆಲ, ಚರಂಡಿ, ಯಂತ್ರದ ಸಂದುಗಳಲ್ಲಿ ಲೋಳೆಪದರ ಕಟ್ಟಿ ವರ್ಷಗಟ್ಟಲೆ ಕೂರುವ ಜೀವಿ ಇದು. ಬೆಂದ ಪದಾರ್ಥಕ್ಕೆ ಪ್ಯಾಕ್ ಮಾಡುವ ಮುನ್ನ ಅಲ್ಲಿಂದ ಅಂಟಿಕೊಳ್ಳುತ್ತದೆ. ಆಮೇಲೆ 4 ಡಿಗ್ರಿಯಲ್ಲೂ ನಿಧಾನವಾಗಿ ಹೆಚ್ಚುತ್ತದೆ. ವಾಸನೆ, ರುಚಿ ಕೆಡದೆಯೂ ಇರಬಹುದು.

ಹಾಲು ಉಕ್ಕಿಸಿಯೇ ಕುಡಿಯುವ ನಮ್ಮ ರೂಢಿ ದೊಡ್ಡ ರಕ್ಷಣೆ, ಬಿಡಬೇಡಿ. ಗರ್ಭಿಣಿಯರು ಹಸಿ ಹಾಲಿನ ಚೀಸ್, ಅಂಗಡಿಯಲ್ಲಿ ಹೆಚ್ಚಿಟ್ಟ ಕರಬೂಜ, ತಣ್ಣನೆಯ ಮಾಂಸದ ಸ್ಯಾಂಡ್‌ವಿಚ್ ಮುಟ್ಟದಿರುವುದು ಒಳ್ಳೆಯದು. ಫ್ರಿಜ್ಜಿನ ಸಾರು, ಪಲ್ಯ ಉಗುರುಬೆಚ್ಚಗಾದರೆ ಸಾಲದು, ನಡುವೆಯೂ ಹಬೆಯಾಡಬೇಕು. ಮೈಕ್ರೋವೇವ್ ಒಂದೇ ಸಮ ಕಾಯಿಸುವುದಿಲ್ಲ, ನಡುವೆ ನಿಲ್ಲಿಸಿ ಕಲಕಿ. ತರಕಾರಿ ಟ್ರೇಯ ಅಡಿ ನಿಂತ ನೀರನ್ನು ಒರೆಸಿ, ಸೋಪಿನಲ್ಲಿ ತೊಳೆದು ಒಣಗಿಸಿ.

ಇಂಥದ್ದೇನಾದರೂ ತಿಂದು ಎರಡು ತಿಂಗಳೊಳಗೆ ಜ್ವರ ಬಂದರೆ, ವೈದ್ಯರು ಕೇಳದಿದ್ದರೂ ಅದನ್ನು ಹೇಳಿ.